ಬೇಲಿಯಾಚೆಯ ಪಾಠ

ಹೆಣ ಹೊತ್ತವರು ಬೇಲಿಯ ಮುಂದೆ ನಿಂತುಬಿಟ್ಟರು. ಕಾಲುದಾರಿಗೆ ಅಡ್ಡಲಾಗಿ ಜಾಲಿಮುಳ್ಳು. ಮುಳ್ಳಿನಾಚೆ ಕೃಷ್ಣಪ್ಪ.

"ಕೆರೆ ಬಳಸ್ಕೊಂಡೋಗಿ. ನನ್ ಜಮೀನಲ್ಲಿ ದಾರಿ ಇಲ್ಲ."

"ಕೆರೆ ಬಳಸುದ್ರೆ ಒಂದ್ ಗಂಟೆ ಆಯ್ತದೆ ಚಿಕ್ಕಪ್ಪ," ಎಂದಳು ನಾಗಲಕ್ಷ್ಮಿ. ಸತ್ತವಳು ಅವಳ ತಾಯಿ ಬೆಟ್ಟಮ್ಮ, ಕೃಷ್ಣಪ್ಪನ ಅತ್ತಿಗೆ. "ಅಪ್ಪುನ್ ಸಮಾದಿ ಅಗೋ ಅಲ್ಲೇ ಕಾಣ್ತಾ ಅದೆ. ಅದ್ರ ಪಕ್ಕಕ್ಕೆ ಅವ್ವುನ್ನ ಮಡಗಬೇಕು."

"ಒಂಬತ್ ವರ್ಸದ ಹಿಂದೆ ನನ್ ಮಗನ್ನ ಇದೇ ದಾರೀಲಿ ಎತ್ಕೊಂಡೋಗಿದ್ದು ಮರ್ತೋಯ್ತಾ? ಆ ಕೊಲೆಗಾರ ಇಲ್ಲಿ ಕಾಲಿಡಕೂಡ್ದು."

ಚಟ್ಟದ ಹಿಂದೆ, ಇಬ್ಬರು ಪೊಲೀಸರ ನಡುವೆ, ಕೈಗೆ ಬೇಡಿ ತೊಟ್ಟ ದೇವರಾಜ್ ತಲೆ ತಗ್ಗಿಸಿ ನಿಂತಿದ್ದ. ತಾಯಿಯ ಮಣ್ಣಿಗೆಂದು ಮೈಸೂರು ಜೈಲಿನಿಂದ ಅರ್ಧ ದಿನ ಬಿಟ್ಟಿದ್ದರು. ಬೆಟ್ಟಮ್ಮನ ಒಬ್ಬನೇ ಮಗ. ಮೊದಲ ಹಿಡಿ ಮಣ್ಣು ಅವನದೇ ಆಗಬೇಕು. ಈ ಕಾಲುದಾರಿ ಯಾರದೆಂಬ ಜಗಳದಲ್ಲೇ ಅವನು ಕೃಷ್ಣಪ್ಪನ ಮಗ ಸಂಜಯನ ತಲೆಗೆ ಗುದ್ದಲಿ ಬೀಸಿದ್ದ. ಕೃಷ್ಣಪ್ಪ ಬೇಲಿ ಹಾಕಿದ್ದು ಆಮೇಲೆ.

ಎಎಸ್ಐ ಷಡಕ್ಷರಿ ವಾಚು ನೋಡಿಕೊಂಡರು. "ಹನ್ನೊಂದೂಕಾಲು ಆಯ್ತಮ್ಮ. ಎರಡು ಗಂಟೆಗೆ ಜೈಲಲ್ಲಿ ಇವನ ಬಿ.ಎ. ಕೊನೇ ಪೇಪರು. ಎರಡು ಸಲ ಫೇಲಾಗಿದ್ದಾನೆ, ಇನ್ನು ಅವಕಾಶ ಇಲ್ಲ. ಹನ್ನೆರಡಕ್ಕೆ ಹೊರಡದಿದ್ರೆ ಇಷ್ಟು ವರ್ಷ ಓದಿದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ."

"ಪರೀಕ್ಷೆ ಓಗ್ಲಿ ಬುಡಿ ಸಾ," ಎಂದ ದೇವರಾಜ್. "ಕೆರೆ ಬಳಸೇ ಓಗುವಾ. ಅವ್ವುನ್ನ ಮಣ್ಣು ಮಾಡ್ದೆ ನಾನ್ ಬರಾಕಿಲ್ಲ."

*

ಬೆಟ್ಟಮ್ಮ ಹೆಬ್ಬೆಟ್ಟಿನವಳು. ಆದರೂ ಇತಿಹಾಸದಲ್ಲಿ ಬಿ.ಎ. ಓದಿದವಳು ಎಂದರೆ ಸುಳ್ಳಲ್ಲ.

ತಿಂಗಳಿಗೊಮ್ಮೆ ಹೊಳೆನರಸೀಪುರದಲ್ಲಿ ಬಸ್ಸು ಹತ್ತಿ ಮೈಸೂರಿಗೆ ಹೋಗುವಳು. ಮೊದಮೊದಲು ಜೈಲಿನ ಜಾಲರಿಯ ಎರಡು ಕಡೆ ತಾಯಿ ಮಗ ಅತ್ತೇ ಹದಿನೈದು ನಿಮಿಷ ಕಳೆಯುತ್ತಿದ್ದರು. ಮಗ ಓದಲು ಶುರುಮಾಡಿದ ಮೇಲೆ, "ಉಂಡ್ಯಾ?" ಅನ್ನುವುದಕ್ಕೂ ಮೊದಲೇ "ಈ ತಿಂಗ್ಳು ಏನ್ ಓದ್ದೆ?" ಎಂದು ಕೇಳತೊಡಗಿದಳು. ಅವನು ಹೇಳುವನು, ಇವಳು ಬಾಯಿ ಬಿಟ್ಟುಕೊಂಡು ಕೇಳುವಳು.

ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ರಾಗಿ ಹೊಲದಲ್ಲಿ ಕಳೆ ಕೀಳುತ್ತ, ಬದುವಿನ ಮೇಲೆ ಮೇಯುವ ಎಮ್ಮೆಗೆ ಎಲ್ಲವನ್ನೂ ಒಪ್ಪಿಸುವಳು. ಬೇಲಿಯಾಚೆ ಸಂಜಯನ ತಾಯಿ ಲಕ್ಕಮ್ಮ ಬೆನ್ನು ತಿರುಗಿಸಿ ತನ್ನ ಹೊಲದ ಕಳೆ ಕೀಳುವಳು. ವಾರಗಿತ್ತಿಯರು ಮಾತು ಬಿಟ್ಟು ವರ್ಷಗಳಾಗಿದ್ದವು.

ಹೋದ ತಿಂಗಳು ಎಮ್ಮೆಗೆ ಫ್ರಾನ್ಸಿನ ಪಾಠ ನಡೆದಿತ್ತು. "ರೊಟ್ಟಿ ಸಿಗ್ದೆ ಎಂಗಸ್ರೆಲ್ಲ ಸೇರ್ಕಂಡು, ಮಳೇಲಿ ನೆನ್ಕಂಡು, ರಾಜನ ಅರಮನೆಗೇ ಒಂಟುಬುಟ್ರಂತೆ ಕಣೇ! ಯಾವ್ ಗಂಡಸ್ನೂ ಕೇಳ್ನಿಲ್ವಂತೆ. ರಾಗಿ ಬೆಳ್ಕಳಾಕೇನಾಗಿತ್ತೋ ಅವ್ರಿಗೆ."

ಬೇಲಿಯಾಚೆಯಿಂದ ದನಿ ಬಂತು. "ಆಮ್ಯಾಲೆ?"

ಬೆಟ್ಟಮ್ಮನ ಕೈ ನಿಂತಿತು. ಕಣ್ಣು ತುಂಬಿ ಬಂದರೂ ತೋರಗೊಡಲಿಲ್ಲ. "ಅಷ್ಟೊತ್ಗೆ ಬೆಲ್ ಒಡುದ್ಬುಟ್ರು. ಮುಂದಿನ್ ಸಲ ಕೇಳ್ಕಂಡ್ ಬತ್ತೀನಿ."

ಮುಂದಿನ ಸಲ ಬರಲಿಲ್ಲ. ನಿನ್ನೆ ಅದೇ ಹೊಲದಲ್ಲಿ ಎದೆ ಹಿಡಿದುಕೊಂಡು ಒರಗಿದಳು.

*

ಚಟ್ಟ ಕೆರೆಯ ಕಡೆ ತಿರುಗುವಷ್ಟರಲ್ಲಿ ಲಕ್ಕಮ್ಮ ಗಂಡನ ಹಿಂದಿನಿಂದ ಬಂದಳು. ದಾಯಾದಿ ಸೂತಕ, ಬೆಳಗಿನಿಂದ ಅವಳ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಕೈಯಲ್ಲಿದ್ದ ನೀರಿನ ಚೊಂಬನ್ನು ಕೆಳಗಿಟ್ಟು, ಬರಿಗೈಯಲ್ಲೇ ಜಾಲಿಮುಳ್ಳು ಎಳೆಯತೊಡಗಿದಳು.

"ಲೇ, ತಲೆ ಕೆಟ್ಟದಾ ನಿಂಗೆ? ನಿನ್ ಮಗನ್ನ ಕೊಂದೋನು ಕಣೇ ಅವ್ನು!"

"ಗೊತ್ತು. ಸಾಯೋಗಂಟ ಮರೆಯಾಕಿಲ್ಲ. ಆದ್ರೆ ಇದು ಅಕ್ಕನ ಹೆಣ. ಸೂತ್ಕ ಇರೋ ಮನೆಯೋರೇ ಅಡ್ಡ ನಿಂತ್ಕಂಡ್ರೆ, ನಾಳೆ ನಮ್ ಹೆಣ ಯಾರ್ ಎತ್ತಾರು?"

ಕೃಷ್ಣಪ್ಪ ಅವಳ ರಟ್ಟೆ ಹಿಡಿದೆಳೆದ. ಷಡಕ್ಷರಿ ಒಂದು ಹೆಜ್ಜೆ ಮುಂದಿಟ್ಟರು. ಲಕ್ಕಮ್ಮನ ಅಂಗೈಯಿಂದ ಇಳಿದ ರಕ್ತ ಕೃಷ್ಣಪ್ಪನ ಬೆರಳಿಗೆ ತಾಕಿತು. ಅವನು ಅದನ್ನು ನೋಡಿದ, ಕೈ ಬಿಟ್ಟ, ಬದುವಿನ ಮೇಲೆ ಹೋಗಿ ಆ ಕಡೆ ಮುಖ ಮಾಡಿ ಕೂತ.

ಚಟ್ಟ ಬೇಲಿ ದಾಟಿತು.

ಬೇಡಿ ಬಿಚ್ಚಿದರು. ದೇವರಾಜ್ ಮೂರು ಹಿಡಿ ಮಣ್ಣು ಹಾಕಿದ. ಹನ್ನೆರಡಾಗಲು ಐದು ನಿಮಿಷವಿತ್ತು, ಸ್ನಾನಕ್ಕೆ ಹೊತ್ತಿರಲಿಲ್ಲ. ಮಣ್ಣುಗೈಯಲ್ಲೇ ಜೀಪಿನ ಕಡೆ ಹೊರಟವನ ಎದುರು ಲಕ್ಕಮ್ಮ ಚೊಂಬು ಹಿಡಿದು ನಿಂತಳು. ಅವನ ಮುಖ ನೋಡಲಿಲ್ಲ.

"ಕೈ ನೀಡು. ಮಣ್ಣ್ ಕೈಲಿ ಪೇಪರ್ ಮುಟ್ಬ್ಯಾಡ."

ಅವನು ಕೈ ನೀಡಿದ. ನೀರು ಮುಗಿಯುತ್ತ ಬಂದಾಗ ಅವಳು ಚೊಂಬನ್ನೇ ನೋಡುತ್ತ ಕೇಳಿದಳು. "ಆ ಫ್ರಾನ್ಸಿನ್ ಎಂಗಸ್ರು ಅರಮನೆ ತಲುಪುದ್ರಾ?"

ದೇವರಾಜನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಜಾಲರಿಯಾಚೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ ಅವ್ವ ನೆನಪಾದಳು.

"ತಲುಪುದ್ರು ಚಿಕ್ಕವ್ವ. ರಾಜನ್ನೇ ಜತೇಲಿ ಕರ್ಕಂಡ್ ಬಂದ್ರು."

ಒದ್ದೆ ಕೈಗೇ ಬೇಡಿ ಬಿತ್ತು. ಜೀಪು ದೂಳೆಬ್ಬಿಸಿಕೊಂಡು ರಸ್ತೆಗೆ ಹತ್ತಿತು.

ಬೆಟ್ಟಮ್ಮನ ಎಮ್ಮೆಗೆ ಬೆಳಗಿನಿಂದ ಯಾರೂ ಹುಲ್ಲು ಹಾಕಿರಲಿಲ್ಲ. ಲಕ್ಕಮ್ಮ ಒಂದು ಹೊರೆ ಹುಲ್ಲು ಕೊಯ್ದುಕೊಂಡು, ಬೇಲಿ ತೆರೆದ ಜಾಗದಿಂದ ಈಚೆ ಬಂದು, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ತಲುಪುದ್ರಂತೆ ಕಣೇ," ಎಂದಳು.