ಕೊಡುವವಳ ಗುಟುಕು

ದುರ್ಗಮ್ಮನಿಗೆ ಸಿಟ್ಟು ಬಂದದ್ದು ಕಾಯಿಲೆಯ ಮೇಲಲ್ಲ, ಡಾಕ್ಟರಮ್ಮನ ಮೇಲೆ. ಅಜ್ಜಂಪುರದ ಆರೋಗ್ಯ ಶಿಬಿರದಲ್ಲಿ ಪರೀಕ್ಷೆಗೆ ಕೊಟ್ಟ ರಕ್ತದಲ್ಲಿ, ಲಿವರಿನದು ನಲವತ್ತರೊಳಗೆ ಇರಬೇಕಾದ್ದು ನೂರ ಎಂಬತ್ತು ಬಂದಿತ್ತು. ಸೊಸೆ ಶ್ರುತಿ ಹಟ ಹಿಡಿದು ತರೀಕೆರೆಗೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಮಾತೇ, "ಕುಡೀತೀರಾ?"

ಐವತ್ತೆಂಟರ ಹೆಂಗಸನ್ನು, ಅದೂ ಸೊಸೆಯ ಎದುರಿಗೆ, ಕೇಳುವ ಮಾತೇ ಇದು? "ಕಾಫಿ ಕುಡೀತೀನಿ," ಎಂದಳು ದುರ್ಗಮ್ಮ. ಡಾಕ್ಟರಮ್ಮ ನಕ್ಕರು.

"ನಾಟಿ ಔಷಧಿ ಏನಾದ್ರೂ ತಗೋತೀರಾ?"

"ನಾನ್ಯಾಕವ್ವ ತಗಳ್ಲಿ? ನಂಗೇನಾಗೈತೆ?"

ಅವಳ ಮಟ್ಟಿಗೆ ಅದು ಸುಳ್ಳಲ್ಲ. ದುರ್ಗಮ್ಮ ಕಾಮಾಲೆಗೆ ಮದ್ದು ಕೊಡುವವಳು, ತೆಗೆದುಕೊಳ್ಳುವವಳಲ್ಲ. ಭಾನುವಾರ, ಬುಧವಾರ ಬೆಳಗಾಗುತ್ತಿದ್ದಂತೆ ಅವಳ ಜಗಲಿಯ ಮೇಲೆ ಸಿಂಗಟಗೆರೆಯವರು, ದೇವನೂರಿನವರು ಬರಿಹೊಟ್ಟೆಯಲ್ಲಿ ಬಂದು ಕೂತಿರುತ್ತಿದ್ದರು. ಮದ್ದಿಗೆ ಪ್ರತಿಯಾಗಿ ಎಲೆ ಅಡಿಕೆ ಬಿಟ್ಟು ಬೇರೇನೂ ಅವಳು ಮುಟ್ಟುತ್ತಿರಲಿಲ್ಲ. ಅತ್ತೆಯಿಂದ ಬಂದ ವಿದ್ಯೆ. ಯಾವ ಬೇರು, ಯಾವ ಸೊಪ್ಪು ಎಂದು ಶ್ರುತಿಗೂ ಬಾಯಿ ಬಿಟ್ಟಿರಲಿಲ್ಲ. ಮದ್ದಿನ ಜೊತೆಗೆ ಅತ್ತೆ ಒಂದು ಕಟ್ಟಳೆಯನ್ನೂ ಕೊಟ್ಟು ಹೋಗಿದ್ದಳು. ಪ್ರತಿಯೊಬ್ಬರಿಗೂ ಕೊಡುವ ಮೊದಲು, ಅವರ ಪಾಲಿನಿಂದಲೇ ಒಂದು ಗುಟುಕು ಅಂಗೈಗೆ ಹಾಕಿಕೊಂಡು, ಅವರ ಕಣ್ಣೆದುರೇ ಕುಡಿಯಬೇಕು. ತಾನು ಕುಡಿಯದ್ದನ್ನು ಇನ್ನೊಬ್ಬರ ಬಾಯಿಗೆ ಹಾಕಬಾರದು. ಇಪ್ಪತ್ತೆರಡು ವರ್ಷದಿಂದ ದುರ್ಗಮ್ಮ ಒಂದು ಸಲವೂ ತಪ್ಪಿಸಿರಲಿಲ್ಲ. ಅದು ಅವಳಿಗೆ ದೇವರಿಗೆ ಕೈ ಮುಗಿದಷ್ಟೇ ಸಹಜವಾಗಿತ್ತು. ದೇವರಿಗೆ ಕೈ ಮುಗಿದದ್ದನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ಉಳಿದದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಪಾಲಿಸಿದಳು. ಮಂಡಿನೋವಿಗೆಂದು ನುಂಗುತ್ತಿದ್ದ ಮಾತ್ರೆ ಬಿಟ್ಟಳು. ಪ್ರಾಣದಷ್ಟು ಪ್ರೀತಿಯ ಮೆಣಸಿನಕಾಯಿ ಬಜ್ಜಿ ಬಿಟ್ಟಳು. ದಿನಾ ರೈಲ್ವೆ ಸ್ಟೇಷನ್ನಿನವರೆಗೆ ನಡೆದು ಬಂದಳು. ತಿಂಗಳು ಕಳೆದು ಮತ್ತೆ ರಕ್ತ ಕೊಟ್ಟರೆ ಇನ್ನೂರ ಅರವತ್ತು.

ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಡಾಕ್ಟರಮ್ಮನೂ ಮೊದಲಿನ ಹಾಗೆ ನಗಲಿಲ್ಲ. "ಬಾಯಿಗೆ ಏನೇ ಹೋಗ್ಲಿ, ಬರ್ಕೊಂಡು ಬನ್ನಿ. ಒಂದು ಹನೀನೂ ಬಿಡ್ಬೇಡಿ," ಎಂದು ಶ್ರುತಿಗೆ ಹೇಳಿ ಕಳಿಸಿದರು.

ಮರುದಿನ ಬುಧವಾರ. ಶ್ರುತಿ ಮಗಳ ಹಳೇ ನೋಟ್‌ಬುಕ್ ಹಿಡಿದು ಹೊಸ್ತಿಲ ಮೇಲೆ ಕೂತಳು. ದುರ್ಗಮ್ಮ ಮೊದಲನೆಯವರಿಗೆ ಮದ್ದು ಕೊಟ್ಟಳು, ಎರಡನೆಯವರಿಗೆ ಕೊಟ್ಟಳು. ನಾಲ್ಕನೆಯವರು ಕುಡಿದು ಎದ್ದು ಹೋದ ಮೇಲೆ ಶ್ರುತಿಯ ಪೆನ್ನು ಓಡುವುದು ಕಾಣಿಸಿತು.

"ಏನೇ ಬರ್ದಿದ್ದು?"

"ಮದ್ದು, ನಾಲ್ಕು ಗುಟುಕು."

"ಅದ್ಯಾಕೆ ಬರಿತೀಯ? ಅದು ನಾನು ತಗಳಾದಲ್ಲ ಕಣೇ, ಕೊಡಾದು."

"ಹೊಟ್ಟೆಗೆ ಹೋಯ್ತಲ್ಲ, ಅತ್ತೆ."

ದುರ್ಗಮ್ಮ ಮುಂದಿನವರನ್ನು ಕರೆದಳು. ಐದನೆಯವಳು ದೇವನೂರಿನ ಹೇಮಾವತಿ. ಸೊಂಟದ ಮೇಲೆ ಮೂರು ವರ್ಷದ ಮಗಳು, ಕಣ್ಣು ಅರಿಸಿನದ ಹಾಗೆ. ದುರ್ಗಮ್ಮ ಅಭ್ಯಾಸಬಲದಿಂದ ಲೋಟ ಎತ್ತಿ ಅಂಗೈಗೆ ಬಗ್ಗಿಸಿಕೊಂಡಳು. ಕೈ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ತನ್ನ ಜೀವದ ಆಸೆಗೆ ಕುಡಿಯದೆ ಬಿಡಬಹುದು. ಆದರೆ ತಾನು ಕುಡಿಯಲು ಹೆದರಿದ್ದನ್ನು ಈ ಕೂಸಿನ ಬಾಯಿಗೆ ಹಾಕುವುದು ಹೇಗೆ? ಮದ್ದು ಅಂಗೈಯಿಂದ ಸೋರಿ ಸೀರೆ ಒದ್ದೆಯಾಯಿತು.

"ಯಾಕಮ್ಮಾ?" ಎಂದಳು ಹೇಮಾವತಿ. "ಚಿಕ್ಕೋಳಿದ್ದಾಗ ನಿಮ್ಮತ್ತೆ ಕೊಟ್ಟಿದ್ರಿಂದ್ಲೇ ನಾನು ಉಳ್ಕೊಂಡಿದ್ದು. ಅದ್ಕೇ ಇವ್ಳನ್ನೂ ಕರ್ಕೊಂಡು ಬಂದೆ."

"ಇದು ಬ್ಯಾಡ ಕಣವ್ವ. ತರೀಕೆರೆ ಬಸ್ಸಿಗೆ ಹೋಗಾನ ನಡಿ. ನಾನೂ ಬತ್ತೀನಿ."

ಬಸ್ಸಿನಲ್ಲಿ ಮಗು ದುರ್ಗಮ್ಮನ ತೊಡೆಯ ಮೇಲೆ ನಿದ್ದೆಹೋಯಿತು. ಅವಳು ಬಹಳ ಹೊತ್ತು ಅದರ ಹಳದಿ ಉಗುರು ನೋಡುತ್ತ ಕೂತಿದ್ದಳು. ಆಮೇಲೆ ಜೊತೆಗೆ ಬಂದಿದ್ದ ಶ್ರುತಿಯ ಕಡೆ ತಿರುಗಿ, "ಆ ಬುಕ್ಕು ತೆಗಿ," ಎಂದಳು. "ನನ್ನದೊಬ್ಬಳ್ದೇ ಬರ್ದ್ರೆ ಆಗಲ್ಲ. ಕುಡ್ದೋರ ಹೆಸ್ರೂ ಬರ್ಕೋ. ನಾನು ಹೇಳ್ತೀನಿ."

ಬೆಳಗಿನ ನಾಲ್ವರಿಂದ ಶುರುಮಾಡಿದಳು. ಅವರಿಗೆ ಇವತ್ತೇ ಹೇಳಿ ಕಳಿಸಬೇಕು ಎಂದಳು. ಆಮೇಲೆ ಹೋದ ಭಾನುವಾರದವರು, ಅದರ ಹಿಂದಿನ ಬುಧವಾರದವರು. ಒಂದೊಂದು ಹೆಸರಿಗೂ ಶ್ರುತಿ, "ವಾಸಿ ಆಯ್ತಾ?" ಎಂದು ಕೇಳುತ್ತಿದ್ದಳು. ವಾಸಿಯಾದವರು ಎಲೆ ಅಡಿಕೆ ಹಿಡಿದು ಮತ್ತೆ ಬಂದು ಹೇಳುತ್ತಿದ್ದರು. ಅಂಥವರು ಬಹಳ ಜನ ಇದ್ದರು, ಅವರ ಹೆಸರನ್ನು ಅವಳು ಗಟ್ಟಿಯಾಗಿಯೇ ಹೇಳಿದಳು. ಬಾರದವರು ಏನಾದರು ಎಂದು ಅವಳು ಯಾವತ್ತೂ ವಿಚಾರಿಸಿರಲಿಲ್ಲ.

"ಸಿಂಗಟಗೆರೆ ಬೀರಯ್ಯ," ಎಂದಳು.

"ವಾಸಿ ಆಯ್ತಾ, ಅತ್ತೆ?"

"ಗೊತ್ತಿಲ್ಲ. ಬರ್ಕೋ."

ತರೀಕೆರೆ ಬಂದಾಗ ನಾಲ್ಕು ಹಾಳೆ ತುಂಬಿದ್ದವು. ಹಿಂದಕ್ಕೆ ಎಣಿಸುತ್ತ ದುರ್ಗಮ್ಮ ಇನ್ನೂ ಹೋದ ದೀಪಾವಳಿಯಲ್ಲೇ ಇದ್ದಳು.