ಹನ್ನೆರಡನೆಯ ಕರೆ

ಸೋಪು, ಟಾರ್ಚು, ಚಪ್ಪಲಿ, ಅಂಗಡಿಗೆ ಬರುವ ಯಾವ ಹೊಸ ಸಾಮಾನಿಗೇ ಆಗಲಿ, ಇಡಲಿರುವ ಹೆಸರು ಬೇರೆ ಬೇರೆ ಭಾಷೆಯವರ ಕಿವಿಗೆ ಏನಾಗಿ ಕೇಳುತ್ತದೆ ಎಂದು ವಿಚಾರಿಸಿ ಹೇಳುವ ಆಫೀಸು ನಮ್ಮದು. ವಿಚಾರಿಸುವವಳು ನಾನು. ಮೇಜಿನ ಮೇಲೆ ಒಂದು ಫೋನು, ಹನ್ನೆರಡು ನಂಬರುಗಳ ಒಂದು ಪಟ್ಟಿ. ನಂಬರಿಗೊಂದು ಭಾಷೆ, ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದವು. ಒಬ್ಬರಿಗೆ ಅತ್ತೆಯಾದದ್ದು ಇನ್ನೊಬ್ಬರಿಗೆ ಕುಂಬಳಕಾಯಿ. ದಿನವಿಡೀ ನಗುವುದಕ್ಕೂ ಸಂಬಳ ಕೊಡುತ್ತಾರಾ ಎಂದು ನನ್ನ ತಂಗಿಗೆ ಹೊಟ್ಟೆಕಿಚ್ಚು.

ಹನ್ನೆರಡನೆಯ ನಂಬರು ಬೀಗದ ತಾತನದು. ಬಸ್ ನಿಲ್ದಾಣದ ಪಕ್ಕ ಕೂತು ಅರದಲ್ಲಿ ಉಜ್ಜಿ ಬೀಗದ ಕೈ ಮಾಡಿಕೊಡುವ ಕಸುಬು. ನನಗೆ ಅವರಿಟ್ಟ ಹೆಸರು ಫೋನಮ್ಮ. ಕರೆ ಹೋದ ಕೂಡಲೇ ಅರದ ಸದ್ದು ನಿಲ್ಲುತ್ತಿತ್ತು. ಆಫೀಸಿನ ಫೋನು, ಸುಮ್ಮನಿರು ಎಂದು ಪಕ್ಕದ ಹೂವಿನವಳನ್ನು ಗದರುವುದೂ ಕೇಳಿಸುತ್ತಿತ್ತು. ಒಂಬತ್ತು ವರ್ಷದಲ್ಲಿ ತಾವು ಬೇಡವೆಂದ ಒಂದು ಹೆಸರೂ ಅಂಗಡಿಗೆ ಬರಲಿಲ್ಲ ಎಂಬುದು ಅವರ ಹೆಮ್ಮೆ. ಬರಲಿಲ್ಲ, ನಿಜ. ಬೇರೆಯವರಿಗೂ ಹಿಡಿಸದೆ ಅವು ಬಿದ್ದುಹೋಗಿದ್ದವು. ನಾನು ಹೂಂಗುಟ್ಟುತ್ತಿದ್ದೆ.

ಇನ್ನೇನು ಮಾಡಲಿ? ಕಂಪನಿಗಳಿಗೆ ಹೋಗುವ ಹಾಳೆಯಲ್ಲಿ ಇದ್ದದ್ದೇ ಹನ್ನೊಂದು ಅಂಕಣ. ತಾತನ ಭಾಷೆಯವರು ಉಳಿದಿರುವುದು ಬೆರಳೆಣಿಕೆಯಷ್ಟು, ಅವರಿಂದ ಯಾವ ವ್ಯಾಪಾರ ಎಂದಿದ್ದರು ಮ್ಯಾನೇಜರು. ಆದರೆ 'ಹನ್ನೆರಡು ಭಾಷೆಗಳಲ್ಲಿ ವಿಚಾರಿಸಲಾಗಿದೆ' ಎಂಬ ರಬ್ಬರ್ ಸೀಲು ನೋಡಲು ಚೆಂದ. ಅದು ಸುಳ್ಳಾಗಬಾರದಲ್ಲ, ಆದ್ದರಿಂದ ವಿಚಾರಿಸಬೇಕು. ಫೋನು ಬೇಕಿತ್ತು, ಉತ್ತರ ಬೇಕಿರಲಿಲ್ಲ.

ಆ ಸಲ ಬಂದದ್ದು ಮಕ್ಕಳ ಸೋಪು, ಹೆಸರು 'ಸೋನೆ'. ನಮಗೆ ಅದು ಮೆಲ್ಲಗೆ ಸುರಿಯುವ ಮಳೆ. ಮೂರನೆಯ ನಂಬರಿನಾಕೆಗೆ ಚಿನ್ನ, ಏಳನೆಯವರಿಗೆ ಅಂಗಿಯ ಕಾಜ, ಉಳಿದವರಿಗೆ ಬರೀ ಸದ್ದು. ತಾತ ಮಾತ್ರ ಹೆಸರನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿದರು. ತೀರಿಕೊಂಡ ಕೂಸಿನ ಮುಖಕ್ಕೆ ಮುಚ್ಚುವ ಬಟ್ಟೆಗೆ ತಮ್ಮಲ್ಲಿ ಹಾಗೆನ್ನುತ್ತಾರೆ ಎಂದರು.

"ಈ ಕೈಯಲ್ಲೇ ಒಂದ್ಸಲ ಮುಚ್ಚಿದೀನಿ ಕಣಮ್ಮಾ. ಇದೊಂದು ಬೇಡ ಅಂತ ಬರ್ಕೋ."

ಬರೆದುಕೊಂಡೆ ತಾತ, ಎಂದೆ. ಪೆನ್ನು ಮೇಜಿನ ಮೇಲೇ ಇತ್ತು.

ನಾಲ್ಕು ತಿಂಗಳಾದ ಮೇಲೆ ತಾತ ಆಫೀಸಿಗೇ ಬಂದರು. ಅವರ ಮುಖ ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಪುಡಿ. ಮೇಜಿನ ಮೇಲೆ ಸೋಪಿಟ್ಟರು. ಹೊದಿಕೆಯಲ್ಲಿ ನಗುವ ಕೂಸು, ಅದರ ಹಣೆಯ ಮೇಲೇ 'ಸೋನೆ'. ಅವರು ಜಗಳಕ್ಕೆ ಬಂದಿರಲಿಲ್ಲ. ಕಂಪನಿಯವರು ನಮ್ಮಿಬ್ಬರ ಕಣ್ಣಿಗೂ ಮಣ್ಣೆರಚಿದ್ದಾರೆ ಎಂದು ನನಗೆ ಚಾಡಿ ಹೇಳಲು ಬಂದಿದ್ದರು. ತಾವು ಬೇಡವೆಂದದ್ದು ಬರೆದಿದೆಯಲ್ಲ, ಆ ಹಾಳೆ ತೆಗೆದು ಅವರ ಮುಖಕ್ಕೆ ಹಿಡಿ ಎಂದರು.

ಹಾಳೆ ಸಿಗುತ್ತಿಲ್ಲ ಎನ್ನಬಹುದಿತ್ತು. ಎದುರಿಗೇ ಕೂತವರಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ತೆಗೆದುಕೊಟ್ಟೆ. ತಾತ ಕನ್ನಡಕ ಏರಿಸಿ ಅಂಕಣಗಳ ಮೇಲೆ ಬೆರಳು ಸರಿಸುತ್ತ ಹೋದರು. ಹನ್ನೊಂದು ಮುಗಿದು ಬೆರಳು ಹಾಳೆಯ ಅಂಚು ದಾಟಿ ಮೇಜಿಗಿಳಿಯಿತು. ಹಳೆಯ ಹಾಳೆಗಳನ್ನೂ ಕೇಳಿದರು. ಕೊಟ್ಟೆ.

"ಹಾಗಾದ್ರೆ ಫೋನ್ ಯಾಕ್ ಮಾಡ್ತಿದ್ದೆ, ಫೋನಮ್ಮಾ?"

ಸೀಲು ತೋರಿಸಿದೆ. ಅದನ್ನು ಬೀಗದ ಕೈಯ ಹಲ್ಲು ನೋಡುವಂತೆ ಬೆಳಕಿಗೆ ಹಿಡಿದು ನೋಡಿ, ಇದ್ದಲ್ಲೇ ಇಟ್ಟು, ತಾತ ಎದ್ದು ಹೋದರು. ಸೋಪು ಮೇಜಿನ ಮೇಲೇ ಉಳಿಯಿತು.

ಮುಂದಿನ ವಾರ ಒಂದು ಟಾರ್ಚಿನ ಹೆಸರು ಬಂತು. ಹನ್ನೊಂದು ನಂಬರು ಮುಗಿಸಿ ಹನ್ನೆರಡನೆಯದಕ್ಕೆ ಮಾಡಿದೆ. ಅರದ ಸದ್ದು ನಿಲ್ಲಲಿಲ್ಲ. ಅಂಥ ಪದ ನಮ್ಮಲ್ಲಿಲ್ಲ ಮೇಡಂ, ಎಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮೇಡಂ. ಅಲ್ಲಿಗೇ ಫೋನಿಡಬೇಕಿತ್ತು, ನನ್ನ ಬಾಯಿ ಸುಮ್ಮನಿರಲಿಲ್ಲ. ಸೋನೆಯ ಅರ್ಥ ಇನ್ನೊಮ್ಮೆ ಹೇಳಿ ತಾತ, ಈಗಲಾದರೂ ಹಾಳೆಯ ಹಿಂದೆ ಬರೆದಿಡುತ್ತೇನೆ ಎಂದು ಬೇಡಿಕೊಂಡೆ.

"ಸೋನೆ ಅಂದ್ರೆ ಸೋಪು," ಎಂದರು ತಾತ.

ಟಾರ್ಚಿನ ಹಾಳೆಯಲ್ಲಿ ಹನ್ನೊಂದು ಉತ್ತರಗಳಿದ್ದವು. ಹನ್ನೆರಡು ಭಾಷೆಗಳ ಸೀಲು ಒತ್ತಿ ಮ್ಯಾನೇಜರ ಕೋಣೆಗೆ ಕಳಿಸಿದೆ.