ಪಾಲಿಗೆ ಬಂದ ಕಾದಂಬರಿ

ಹತ್ತಿ ಗಿರಣಿಯ ಸಾಹುಕಾರ ಜಗದೇವಪ್ಪನವರು ಕಾದಂಬರಿ ಬರೆದರು. ಬರೆಯಲಿ, ಬೇಡ ಅಂದವರು ಯಾರು? ಆದರೆ ಅದರಲ್ಲಿ ಬಂಡವಾಳ ಹಾಕಿದವನು ದೇವರಂಥವನು, ಅವನಿಗೆ ನೆಗಡಿ ಕೂಡ ಬರುವುದಿಲ್ಲ. ಸಮಾಜವಾದ, ಸಮಪಾಲು ಎಂದು ಬಾಯಿಬಿಟ್ಟವರೆಲ್ಲ ಕುಡುಕರು, ಮೈಗಳ್ಳರು. ಅವರ ಮುಖಂಡನಂತೂ ಕಾಯಿಲೆ ಬಿದ್ದ ಹಮಾಲನ ಪಾಲನ್ನೇ ನುಂಗಿ, ಕೊನೆಗೆ ಮಾಲೀಕನ ಕಾಲಿಗೆ ಬೀಳುತ್ತಾನೆ. ಆ ಮುಖಂಡನ ಕುಂಟು ಕಾಲು, ಹೆಗಲ ಮೇಲಿನ ನೀಲಿ ವಲ್ಲಿ ಕಂಡರೆ ಶಹಾಪುರದ ಎಂಥವನಿಗೂ ಗೊತ್ತಾಗುತ್ತಿತ್ತು, ಇವನು ದುಡಿದದ್ದನ್ನು ಸಮಪಾಲು ಹಂಚಿಕೊಳ್ಳುವ ಹಮಾಲರ ಗ್ಯಾಂಗಿನ ಹಿರಿಯ ಖಂಡಪ್ಪನೇ ಎಂದು.

ಖಂಡಪ್ಪನಿಗೆ ಓದು ಬಾರದು. ಮಗಳು ಪಂಚಶೀಲಾ ಸಾಹುಕಾರರದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾಳೆ, ಕೆಲಸ ಇನ್ನೂ ಕಾಯಂ ಆಗಿಲ್ಲ. "ನಮ್ಮ ಗಿರಣಿ ಕತಿಯಂತ, ಓದವ್ವಾ" ಎಂದು ಅಪ್ಪ ಎದುರಿಗೆ ಕೂತಾಗ ಅವಳಿಗೆ ಇದ್ದದ್ದನ್ನು ಇದ್ದಂತೆ ಓದಲು ಮನಸ್ಸಾಗಲಿಲ್ಲ. ಸುಮ್ಮನೆ ಪುಟ ತಿರುವುತ್ತ ತನ್ನದೇ ಕತೆ ಕಟ್ಟಿ ಓದಿದಳು. ಅದರಲ್ಲಿ ಮುಖಂಡ ಹಾಸಿಗೆ ಹಿಡಿದವನ ಮನೆಗೂ ಪಾಲು ಮುಟ್ಟಿಸುವ ಪುಣ್ಯಾತ್ಮ. ಅವನನ್ನು ನೋಡಿ ಸಾಹುಕಾರನೂ ತಿದ್ದಿಕೊಳ್ಳುತ್ತಾನೆ. ಖಂಡಪ್ಪ ಕಣ್ಣೊರೆಸಿಕೊಂಡು ನಕ್ಕ.

"ನಮ್ಮೊಳಗೂ ಕಳ್ಳರಿದ್ರವ್ವಾ. ಅದನ್ನ ಬಿಟ್ಟು ಸಾವ್ಕಾರ್ರು ಬಾಳ ಚಲೋ ಬರದಾರ."

ಸಾಹುಕಾರರು ಒಂದು ಕಣ್ಣು ಮುಚ್ಚಿ ಬರೆದರೆ ತಾನು ಇನ್ನೊಂದು ಕಣ್ಣು ಮುಚ್ಚಿ ಓದಿದೆ ಎಂದುಕೊಂಡಳು ಪಂಚಶೀಲಾ.

ಇವತ್ತು ಪುಸ್ತಕದ ಬಿಡುಗಡೆ. ಪುಸ್ತಕದ ಬಗ್ಗೆ ಮಾತಾಡಬೇಕಾದವಳು ಅವಳೇ, ಅದಕ್ಕೇ ಒಂದು ಪ್ರತಿ ಮೊದಲೇ ಅವಳ ಕೈ ಸೇರಿತ್ತು. ಮುಂದಿನ ಸಾಲಿನಲ್ಲಿ ಇಡೀ ಗ್ಯಾಂಗು ಇಸ್ತ್ರಿ ಅಂಗಿ ತೊಟ್ಟು ಕೂತಿತ್ತು, ಕರೆತಂದವನು ಅಪ್ಪ. ಇದ್ದದ್ದು ಹೇಳಿದರೆ ಅಪ್ಪನ ಮಾನವೂ ತನ್ನ ಅನ್ನವೂ ಅಲ್ಲೇ ಹೋಗುತ್ತವೆ. ಹೊಗಳಿದರೆ ಅಪ್ಪನನ್ನು ತಾನೇ ಕಳ್ಳನೆಂದಂತೆ. ಅತ್ತ ದರಿ, ಇತ್ತ ಪುಲಿ. "ಎಲ್ಲರೂ ಓದಬೇಕಾದ ಪುಸ್ತಕ" ಎಂದಷ್ಟೇ ಹೇಳಿ ಕೂತುಬಿಟ್ಟಳು.

ಖಂಡಪ್ಪನಿಗೆ ಅಷ್ಟೇ ಸಾಕಾಯಿತು. ವೇದಿಕೆಯ ಹತ್ತಿರ ಬಂದು ಕೈ ಮುಗಿದ.

"ಸಾವ್ಕಾರ್ರ, ನಮ್ಮ ಪಾಲಿನ ಪದ್ಧತಿ ಮ್ಯಾಲ ಎಷ್ಟು ಚಂದ ಬರದೀರಿ. ಮಗಳು ಓದಿ ಹೇಳ್ಯಾಳ್ರಿ. ನಿಮ್ಮ ಉಪಕಾರ ಮರಿಯಾಂಗಿಲ್ರಿ."

ಜಗದೇವಪ್ಪನವರು ಪಂಚಶೀಲಾಳ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು.

"ನಿನ್ನ ಮಗಳು ಬಾಳ ಶಾಣ್ಯಾಕಿ, ಖಂಡಪ್ಪಾ" ಎಂದು ನಕ್ಕರು.

"ಹಂಗಾರ ಮನಿಗೊಂದು ಪುಸ್ತಕ ಕೊಡ್ರಿ. ಗ್ಯಾಂಗಿನ್ಯಾಗ ಒಬ್ಬರಿಗೆ ಬಂದದ್ದು ಎಲ್ಲಾರಿಗೂ ಬರಬೇಕು. ಪಾಲಿಗೆ ಬಂದದ್ದು ಪಂಚಾಮೃತ."

"ಕೊಡ್ರಿ, ಎಲ್ಲಾರಿಗೂ ಕೊಡ್ರಿ" ಎಂದರು ಸಾಹುಕಾರರು.

ಪಂಚಶೀಲಾ ಓಡಿಬಂದು ಅಪ್ಪನ ತೋಳು ಹಿಡಿದಳು. "ಬ್ಯಾಡಪ್ಪಾ. ಎಲ್ಲಾರಿಗೂ ನಾನ ಓದಿ ಹೇಳ್ತೀನಿ."

"ನಿನಗ್ಯಾಕ ತ್ರಾಸು? ಹಜರಾಬೀಗೆ ನೀನ ಅಕ್ಷರ ಕಲಿಸೀದಿ, ಆಕಿ ಓದ್ತಾಳ ಬಿಡು."

ಗ್ಯಾಂಗಿನವರ ಜೊತೆ ಕೂತಿದ್ದ ಹಜರಾಬೀ ಗಿರಣಿಯಲ್ಲಿ ಹತ್ತಿಯ ಕಸ ಆರಿಸುವವಳು. ಗ್ಯಾಂಗಿನಲ್ಲೇ ಹಮಾಲನಾಗಿದ್ದ ಗಂಡ ಹಾಸಿಗೆ ಹಿಡಿದಾಗ ಅವಳ ಮನೆಗೆ ಪ್ರತಿ ವಾರ ಪಾಲು ಮುಟ್ಟಿಸಿದವನು ಖಂಡಪ್ಪನೇ. ಆ ಸಂಗತಿ ಪುಸ್ತಕದಲ್ಲಿದೆ ಎಂದು ಅವನಿಂದಲೇ ಕೇಳಿದ್ದ ಅವಳು ಕೈಗೆ ಬಂದ ಪುಸ್ತಕ ತೆರೆದು ಆ ಪುಟವನ್ನೇ ಹುಡುಕಿದಳು. ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ತುಟಿಯೊಳಗೇ ಓದತೊಡಗಿದಳು. ಬೆರಳು ನಿಂತಿತು. ತಲೆಯೆತ್ತಿ ಮೊದಲು ಖಂಡಪ್ಪನನ್ನು, ಆಮೇಲೆ ಪಂಚಶೀಲಾಳನ್ನು ನೋಡಿದಳು.

"ಯಾಕ ನಿಂತೀ ಹಜರಾಬೀ?" ಎಂದ ಖಂಡಪ್ಪ, ಖುಷಿಯಿಂದ. "ಜೋರಾಗಿ ಓದು, ಎಲ್ಲಾರೂ ಕೇಳ್ಲಿ."